ಬಲಗೈಯ ಉಗುರು

ಉಗುರು ಒಂದು ಅಕ್ಕಿಕಾಳಿನಷ್ಟು ಬೆಳೆಯಲು ಎಷ್ಟು ಕಾಲ ಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ "ಬೆಳೀತದೆ ಬುಡು" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಗೆಸೊಪ್ಪಿನ ಗಿಡವನ್ನು ದೂರದಿಂದ ನೋಡಿಯೇ ಇದು ಇನ್ನೆಷ್ಟು ಎಲೆ ಬಿಡುತ್ತದೆ ಎಂದು ಗೆರೆ ಕೊರೆದ ಹಾಗೆ ಹೇಳುವ ಜನ ಇವರು. ಮಗನ ಬೆರಳ ತುದಿಯಲ್ಲಿ ಬೆಳೆಯುತ್ತಿದ್ದುದು ಮಾತ್ರ ಇವರಿಗೆ ಕಸವಾಗಿ ಕಂಡಿತು.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ರಾವಂದೂರಿನ ಆಚೆಗಿರುವ ಊರು. ಹೊಗೆಸೊಪ್ಪು, ಸ್ವಲ್ಪ ರಾಗಿ, ಎರಡು ಹಸು, ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಒಂದು ಬ್ಯಾರನ್ನು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ನನಗೆ ಗಿಟಾರ್ ಹಿಡಿಯಲು ಕಲಿಸಿದ. ಊರಿಗೆ ಬಂದ ಮೇಲೆ ಮೊಬೈಲ್ ನೋಡಿಕೊಂಡು ಉಳಿದದ್ದನ್ನು ಕಲಿತೆ. ನಾನು ನುಡಿಸುವುದು ನೈಲಾನ್ ತಂತಿಯ ಗಿಟಾರ್. ಪ್ಲಾಸ್ಟಿಕ್ ಚೂರು ಹಿಡಿದು ಅದನ್ನು ಗೀರುವುದಿಲ್ಲ, ಬೆರಳಲ್ಲಿ ಒಂದೊಂದೇ ತಂತಿಯನ್ನು ಮೀಟುತ್ತಾರೆ. ಬರೀ ಚರ್ಮದಲ್ಲಿ ಮೀಟಿದರೆ ನಾದ ಮಬ್ಬಾಗಿರುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ. ತಂತಿ ಚರ್ಮದಿಂದ ಜಾರಿ ಉಗುರಿನ ಅಂಚಿಗೆ ತಾಗಿ ಬಿಟ್ಟಾಗಲೇ ಸ್ವರ ಸ್ಪಷ್ಟವಾಗಿ ಕೇಳಿಸುವುದು. ಹಾಗಾಗಿ ಬಲಗೈಯ ಉಗುರು ಸ್ವಲ್ಪ ಉದ್ದ ಬೇಕು, ಗಟ್ಟಿ ಬೇಕು, ಅಂಚು ನುಣ್ಣಗಿರಬೇಕು. ಎಡಗೈಯದನ್ನು ಮಾತ್ರ ಬುಡಕ್ಕೆ ಕತ್ತರಿಸಬೇಕು, ಇಲ್ಲದಿದ್ದರೆ ತಂತಿ ಒತ್ತಲು ಬರುವುದಿಲ್ಲ. ಒಂದು ಕೈ ಬೋಳು, ಇನ್ನೊಂದು ಕೈ ಉದ್ದ. ಇದನ್ನು ನಮ್ಮೂರಿಗೆ ವಿವರಿಸಲು ಹೋಗಿ ನನಗೆ ಸಾಕಾಗಿಹೋಗಿದೆ.

ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಉಗುರಿಗೆ ಇರುವ ಕೆಲಸ ಒಂದೇ. ಗಿಡದ ತುದಿ ಮುರಿದ ಮೇಲೆ ಎಲೆಗಳ ಕಂಕುಳಲ್ಲಿ ಹೊಸ ಕುಡಿ ಏಳುತ್ತವೆ. ಅವನ್ನು ಹೆಬ್ಬೆರಳಿನ ಉಗುರಲ್ಲಿ ಚಿವುಟಿ ಚಿವುಟಿ ತೆಗೆಯಬೇಕು, ಬಿಟ್ಟರೆ ಎಲೆ ದಪ್ಪವಾಗುವುದಿಲ್ಲ. ಚಿವುಟಿದಷ್ಟೂ ಗೋಂದಿನಂಥ ಅಂಟು ಕೈಗೆ ಮೆತ್ತಿಕೊಂಡು ಕಪ್ಪಗಾಗುತ್ತದೆ. ಆ ಕಪ್ಪು ನೀರಿಗೆ ಹೋಗುವಂಥದ್ದಲ್ಲ. ಸೋಪಿನ ಪುಡಿ ಹಾಕಿ ತಿಕ್ಕಬೇಕು, ಅದಕ್ಕೂ ಬಗ್ಗದಿದ್ದರೆ ಸೀಮೆಎಣ್ಣೆ. ವರ್ಷಗಟ್ಟಲೆ ಹಾಗೆ ತಿಕ್ಕಿ ತಿಕ್ಕಿ ನನ್ನ ಉಗುರು ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಏಳುತ್ತಿದ್ದವು. ಚೂರು ಬೆಳೆದರೆ ಬಾಗುತ್ತಿದ್ದವು, ಬಾಗಿದರೆ ಹರಿಯುತ್ತಿದ್ದವು.

ಆ ವರ್ಷ ಬ್ಯಾರನ್ನಿನ ಬೆಂಕಿ ಆರಿದ ಮೇಲೆ ನಾನು ಉಗುರು ಸಾಕಲು ಶುರುಮಾಡಿದೆ. ಸಾಕುವುದು ಎಂದೇ ಹೇಳಬೇಕು, ಹಸುವಿನ ಕರುವಿಗೂ ಅಷ್ಟು ಆರೈಕೆ ಇರಲಿಲ್ಲ. ಬೆಳಗ್ಗೆ ಎದ್ದು ಬೆಚ್ಚಗಿನ ಹರಳೆಣ್ಣೆಯನ್ನು ಉಗುರಿನ ಬುಡಕ್ಕೆ ತಿಕ್ಕುತ್ತಿದ್ದೆ. ಮಧ್ಯಾಹ್ನ ಬೆಳ್ಳುಳ್ಳಿ ಎಸಳು ಸೀಳಿ ಉಜ್ಜುತ್ತಿದ್ದೆ. ಅದರಿಂದ ಉಗುರು ಗಟ್ಟಿಯಾಯಿತೋ ಇಲ್ಲವೋ, ಗಿಟಾರ್ ಮಾತ್ರ ಒಗ್ಗರಣೆ ವಾಸನೆ ಹೊಡೆಯತೊಡಗಿತು. ಕೊಟ್ಟಿಗೆ ಬಾಚುವಾಗ ಕೈಗವಸು. ಸೀಮೆಎಣ್ಣೆ, ಸೋಪಿನ ಪುಡಿ ಎರಡನ್ನೂ ಮುಟ್ಟುತ್ತಿರಲಿಲ್ಲ. ಹುಣಸೂರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕಾರಿಗೆ ಬಣ್ಣ ಹೊಡೆಯುವವರು ತಿಕ್ಕಲು ಬಳಸುವ ವಾಟರ್ ಪೇಪರ್ ಕೊಡಿ, ಇರುವುದರಲ್ಲೇ ನುಣ್ಣಗಿನದು ಎಂದು ಕೇಳಿದೆ. ಯಾವ ಗಾಡಿಗೆ ಎಂದ ಅಂಗಡಿಯವನು. ಉಗುರಿನ ಅಂಚು ತಿಕ್ಕಲು ಎಂದೆ. ಅವನು ಒಳಗಿದ್ದ ಇನ್ನಿಬ್ಬರನ್ನು ಕರೆದು ನನ್ನ ಕೈ ತೋರಿಸಿದ, ಜಾತ್ರೆಯಲ್ಲಿ ಎರಡು ತಲೆಯ ಕರು ತೋರಿಸಿದ ಹಾಗೆ. ಫ್ಯಾನ್ಸಿ ಸ್ಟೋರಿನಲ್ಲಿ ಉಗುರು ಗಟ್ಟಿ ಮಾಡುವ, ಬಣ್ಣವಿಲ್ಲದ ಪಾಲಿಶ್ ಕೇಳಿದಾಗ ಮನೆಯವರಿಗಾ ಎಂದರು. ಹೌದು ಎಂದು ಹೇಳಿ ಕಟ್ಟಿಸಿಕೊಂಡು ಬಂದೆ. ಎಷ್ಟು ಜನಕ್ಕೆ ಎಷ್ಟು ಸಲ ಕಥೆ ಹೇಳಲಿ?

ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? ಹಾಲಿನ ಡೈರಿಯ ಮುಂದೆ ನಿಂತರೆ ಸಾಕು, ಬಳೆ ಯಾವಾಗ ತೊಡ್ತೀಯ ಎನ್ನುವವರು ಕೆಲವರು, ಇವನು ಇನ್ನು ಹೊಲಕ್ಕೆ ಇಳಿಯಲ್ಲ ಎನ್ನುವವರು ಕೆಲವರು. ಮಂಗಳವಾರ ಶುಕ್ರವಾರ ಉಗುರು ಕತ್ತರಿಸಬಾರದು, ದೀಪ ಹಚ್ಚಿದ ಮೇಲೆ ಕತ್ತರಿಸಬಾರದು, ಕತ್ತರಿಸಿದ ಚೂರು ಮನೆಯೊಳಗೆ ಬಿದ್ದರೆ ಜಗಳ. ಕತ್ತರಿಸುವುದಕ್ಕೆ ಇಷ್ಟೊಂದು ಕಟ್ಟುಪಾಡು ಇಟ್ಟುಕೊಂಡವರಿಗೆ ಬೆಳೆಸುವುದು ಹುಚ್ಚಾಗಿ ಕಂಡಿತು. ಅಪ್ಪ ಮಾತ್ರ ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಹಾಲು ಕರೆಯುವಾಗ ನನ್ನ ಉಗುರು ಚುಚ್ಚಿ ಹಸು ಒದೆಯಿತು. ಅಪ್ಪ ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ತಾನೇ ಕರೆದ. ಹಸುವಿಗೆ ನೋವಾಯಿತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಅವತ್ತಿನಿಂದ ಅವನು ನನ್ನ ಬಲಗೈ ಕಂಡಾಗೆಲ್ಲ ಮುಖ ತಿರುಗಿಸುತ್ತಿದ್ದ.

ಇಷ್ಟೆಲ್ಲ ಯಾತಕ್ಕೆ ಎಂದರೆ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಎನ್. ಬೇಗೂರಿನ ಕಡೆ ಕಾಡಂಚಿನ ಒಂದು ರೆಸಾರ್ಟಿನವರು ಗಿಟಾರ್ ನುಡಿಸುವವರನ್ನು ಹುಡುಕುತ್ತಿದ್ದರು. ಶನಿವಾರ, ಭಾನುವಾರದ ಸಂಜೆಗೆ. ಅಲ್ಲಿಯ ಮ್ಯಾನೇಜರು ಕೇರಳದ ಕಡೆಯವರು, ಕನ್ನಡವನ್ನು ಎಳೆದೆಳೆದು ಮಾತಾಡುವವರು. ನಾನು ಮೊಬೈಲಿನಲ್ಲಿ ನುಡಿಸಿ ಕಳಿಸಿದ್ದು ಅವರಿಗೆ ಹಿಡಿಸಿತ್ತು. ಗದ್ದಲ ಮಾಡುವವರು ನಮಗೆ ಬೇಡ, ನಿಮ್ಮ ಹಾಗೆ ಬೆರಳಲ್ಲಿ ನುಡಿಸುವವರೇ ಬೇಕು ಎಂದರು. ಆದರೆ ಮಾಲೀಕರು ಎದುರಿಗೆ ಕೂತು ಕೇಳಬೇಕು, ಅವರು ಬರುವುದು ಇಂಥ ಸೋಮವಾರ ಒಂದೇ ದಿನ, ಆಮೇಲೆ ವಿದೇಶಕ್ಕೆ ಹೋಗುತ್ತಾರೆ, ಅವತ್ತು ತಪ್ಪಿದರೆ ಮೈಸೂರಿನಿಂದ ಇನ್ನೊಬ್ಬರನ್ನು ಕರೆಸುತ್ತೇವೆ ಎಂದರು. ಹೊಗೆಸೊಪ್ಪಿನ ಸಾಲು ಬಿಟ್ಟು ವಾರಕ್ಕೆ ಎರಡು ದಿನವಾದರೂ ಗಿಟಾರ್ ಹಿಡಿದು ಹೊರಡುವ ದಾರಿ ನನಗೆ ಅದೊಂದೇ ಇತ್ತು. ಆ ದಾರಿ ನನ್ನ ಬಲಗೈಯ ನಾಲ್ಕು ಉಗುರಿನ ಮೇಲೆ ನಿಂತಿತ್ತು.

ಅದರ ಹಿಂದಿನ ಗುರುವಾರವೇ ನನ್ನ ಮದುವೆ. ಹುಡುಗಿ ಕೆ.ಆರ್. ನಗರದ ಕಡೆಯವಳು, ನಾಲೆ ನೀರಿನ ಭತ್ತದ ಊರು. ಮದುವೆಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಚಪ್ಪರದ ದಿನದ ಉಗುರಿನ ಶಾಸ್ತ್ರದ ಬಗ್ಗೆ. ನಮ್ಮಲ್ಲಿ ಮದುವೆಯ ಹಿಂದಿನ ದಿನ ಗಂಡಿಗೆ ಗಂಡಿನ ಮನೆಯಲ್ಲಿ, ಹೆಣ್ಣಿಗೆ ಹೆಣ್ಣಿನ ಮನೆಯಲ್ಲಿ ಎಣ್ಣೆ ಅರಿಶಿನ ಹಚ್ಚಿ ಮಣೆಯ ಮೇಲೆ ಕೂರಿಸುತ್ತಾರೆ. ಕ್ಷೌರಿಕ ಬಂದು ಹಾಲಿಗೆ ಅದ್ದಿದ ಗರಿಕೆಯನ್ನು ಉಗುರಿಗೆ ಮುಟ್ಟಿಸಿ, ಕತ್ತಿ ಸೋಕಿಸಿ, ಅಕ್ಕಿ ಬೆಲ್ಲ ಎಲೆಯಡಿಕೆ ತೆಗೆದುಕೊಂಡು ಹೋಗುತ್ತಾನೆ. ಕೆಲವರ ಮನೆಯಲ್ಲಿ ಸೋಕಿಸಿ ಬಿಡುತ್ತಾರೆ, ಕೆಲವರ ಮನೆಯಲ್ಲಿ ನಿಜವಾಗಿಯೇ ಕತ್ತರಿಸುತ್ತಾರೆ. ನಾನು ಮುಂಚಿತವಾಗಿಯೇ ಕ್ಷೌರಿಕನ ಅಂಗಡಿಗೆ ಹೋಗಿ ಕೈ ತೋರಿಸಿ ಎಲ್ಲವನ್ನೂ ಹೇಳಿ ಬಂದಿದ್ದೆ. ಸೋಕಿಸ್ತೀನಿ ಅಷ್ಟೆ, ನೀವು ಯೋಚ್ನೆ ಬುಡಿ ಎಂದಿದ್ದ ಆತ.

ಆತ ಮಾತಿಗೆ ತಪ್ಪಲಿಲ್ಲ. ಮುಂದೆ ಓಲಗ ನುಡಿಯುತ್ತಿತ್ತು, ಸುತ್ತ ನೆಂಟರು ನಿಂತಿದ್ದರು, ನನ್ನ ಮೈಯೆಲ್ಲ ಅರಿಶಿನದ ಜಿಡ್ಡು. ಆತ ಎಡಗೈಗೆ ಸೋಕಿಸಿದ, ಬಲಗೈಗೆ ಸೋಕಿಸಿದ, ಎದ್ದು ನಿಂತ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಬಲಗೈ ಮಣಿಕಟ್ಟು ಹಿಡಿದ. ಅಂಗಿಯ ಜೇಬಿನಿಂದ ಉಗುರು ಕತ್ತರಿಸುವ ಕಟರ್ ತೆಗೆದ. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಕಟ್ ಎಂದು ಹೆಬ್ಬೆರಳಿನದು ಹೋಯಿತು. ಎಳೆದುಕೊಂಡೆ. ಅಪ್ಪ ಬಿಡಲಿಲ್ಲ, ಇಪ್ಪತ್ತು ವರ್ಷ ಸೊಪ್ಪಿನ ಕಟ್ಟು ಎತ್ತಿದ ಕೈ ಅದು. ಹೆಂಗಸರೆಲ್ಲ ಒಟ್ಟಿಗೆ ಕೂಗಿಕೊಂಡರು, ಶಾಸ್ತ್ರದ ಕೈ ಎಳ್ಕಬ್ಯಾಡ, ಹೆಣ್ಣಿಗೆ ಕೇಡಾಯ್ತದೆ ಎಂದು. ಇನ್ನೂ ಮುಖ ನೋಡಿ ಎರಡು ಮಾತಾಡದ ಹುಡುಗಿಯ ಕೇಡನ್ನು ನನ್ನ ತಲೆಗೆ ಕಟ್ಟಿದರು. ನಾನು ಕೈ ಸಡಿಲ ಬಿಟ್ಟೆ.

"ಶಾಸ್ತ್ರ ಕಣ್ಲಾ, ಅರ್ಧಂಬರ್ಧ ಮಾಡ್ಬಾರ್ದು" ಎಂದು ಅಪ್ಪ ತೋರುಬೆರಳು, ನಡುಬೆರಳು, ಉಂಗುರ ಬೆರಳು ಎಲ್ಲವನ್ನೂ ಬುಡಕ್ಕೇ ಕತ್ತರಿಸಿದ. ಕಿರುಬೆರಳಿನದನ್ನು ನಾನು ನುಡಿಸಲು ಬಳಸುವುದಿಲ್ಲ, ಅದನ್ನೂ ಬಿಡಲಿಲ್ಲ. ಯಾರೋ ಆ ಚೂರುಗಳನ್ನು ಎಲೆಯಲ್ಲಿ ಎತ್ತಿಕೊಂಡು ಹೋದರು. ನಾನು ಮಣೆಯಿಂದ ಎದ್ದು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹೊರಗೆ ಬಂದಾಗ ಅಮ್ಮ ನಿಂತಿದ್ದಳು. ಬೆಳೀತದೆ ಬುಡು ಮಗ ಎಂದಳು. ಸೋಮವಾರದೊಳಗೆ ಬೆಳೀತದಾ ಎಂದು ಕೇಳಿದೆ. ಅಮ್ಮ ತಲೆ ತಗ್ಗಿಸಿಕೊಂಡು ಅಡಿಗೆಯವರ ಕಡೆ ಹೋದಳು.

ಮದುವೆಯ ಫೋಟೋಗಳಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವನ ಹಾಗೆ ಕಾಣುತ್ತೇನೆ. ಫೋಟೋದವನು ಸ್ಮೈಲ್ ಸರ್ ಸ್ಮೈಲ್ ಸರ್ ಎಂದು ಹೇಳಿ ಹೇಳಿ ಸುಸ್ತಾಗಿ ಬಿಟ್ಟುಬಿಟ್ಟ. ತಾಳಿ ಕಟ್ಟುವಾಗ ನಾನು ತಲೆ ಎತ್ತಲಿಲ್ಲ. ಎಲ್ಲರೂ ನಾಚಿಕೆ ಎಂದುಕೊಂಡು ನಕ್ಕರು. ಅದು ಸಿಟ್ಟು. ಉಗುರಿಲ್ಲದ ಬೆರಳಲ್ಲಿ ಗಂಟು ಹಿಡಿಯಲೂ ಆಗಲಿಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು.

ಹೆಣ್ಣನ್ನು ಮನೆತುಂಬಿಸಲು ಕಾರಿನಲ್ಲಿ ಕರೆತರುವಾಗ, ಕೆ.ಆರ್. ನಗರ ದಾಟಿದ ಮೇಲೆ ಅವಳು ಮೊದಲ ಸಲ ನನ್ನೊಡನೆ ಮಾತಾಡಿದಳು. ಕಣ್ಣು ಕಿಟಕಿಯ ಕಡೆ ಇತ್ತು.

"ನಿಮ್ಗೆ ಈ ಮದ್ವೆ ಇಷ್ಟ ಇರ್ನಿಲ್ವಾ? ಇರ್ನಿಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ."

ನನ್ನ ಮುಖ ನೋಡಿಕೊಂಡು ಅವಳೂ, ಅವಳ ಮನೆಯವರೂ ಬೆಳಗಿನಿಂದ ಏನೇನು ಅಂದುಕೊಂಡಿರಬಹುದು ಎಂದು ಆಗ ಹೊಳೆಯಿತು. ಬಲಗೈ ತೆಗೆದು ಅವಳ ಮುಂದೆ ಹಿಡಿದೆ. ಹರಳೆಣ್ಣೆಯಿಂದ ಹಿಡಿದು ಅಪ್ಪನ ಜೇಬಿನ ಕಟರಿನವರೆಗೆ, ರೆಸಾರ್ಟು, ಮಾಲೀಕರು, ಸೋಮವಾರ, ಎಲ್ಲವನ್ನೂ ಹೇಳಿದೆ. ಕಂಪಲಾಪುರ ಬರುವವರೆಗೂ ಹೇಳಿದೆ. ಗಂಡನೆನ್ನುವವನು ಮೊದಲ ದಿನವೇ ಉಗುರಿನ ಪುರಾಣ ಹೇಳುತ್ತಾನಲ್ಲ ಎಂದು ಅವಳು ನಗಬಹುದು ಎಂದುಕೊಂಡೆ. ನಕ್ಕಿದ್ದರೆ ನಾನು ಕಾರು ನಿಲ್ಲಿಸಿ ಇಳಿದುಬಿಡುತ್ತಿದ್ದೆನೇನೋ. ಅವಳು ನಗಲಿಲ್ಲ. ತನ್ನ ಎರಡೂ ಕೈಯನ್ನು ಮಡಿಲಿನಲ್ಲಿ ಹರಡಿದಳು. ಹತ್ತು ಬೆರಳಲ್ಲೂ ಉದ್ದುದ್ದ ಕೆಂಪು ಉಗುರು, ಒಂದೊಂದರ ಮೇಲೆ ಒಂದೊಂದು ಬಿಳಿ ಹರಳು.

"ಇವು ನಂದಲ್ಲ ಕಣ್ರೀ, ಪಾರ್ಲರ್‌ನೋರು ಅಂಟಿಸಿದ್ದು. ನಂದೂ ನಿನ್ನೆ ಶಾಸ್ತ್ರದಲ್ಲಿ ಕತ್ತರಿಸ್ಬುಟ್ರು. ನಂದೂ ಚೆನ್ನಾಗಿ ಬೆಳೆದಿದ್ವು."

ಅವಳದ್ದನ್ನೂ ಅವಳನ್ನು ಕೇಳದೆಯೇ ಕತ್ತರಿಸಿದ್ದರು. ಹೆಣ್ಣಿನ ಕೈ ಬೋಳಾಗಿ ಕಾಣಬಾರದೆಂದು ಅದೇ ಸಂಜೆ ಪಾರ್ಲರಿಗೆ ಕಳಿಸಿ ಪ್ಲಾಸ್ಟಿಕ್ ಅಂಟಿಸಿದ್ದರು. ಇದನ್ನು ಅವಳು ಸಿಟ್ಟಿಲ್ಲದೆ ಹೇಳಿದ್ದೇ ನನಗೆ ತಡೆಯಲಾರದ ಸಿಟ್ಟು ತರಿಸಿತು. ಎಂಥಾ ಜನ ಮಾರಾಯ್ರೇ ನಾವು!

ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಉಂಡು ಮಲಗಿದ್ದಾಗ ಅವಳು ಬಿಸಿನೀರಿನ ಬಟ್ಟಲಲ್ಲಿ ಬೆರಳು ಅದ್ದಿ ಕೂತು ಆ ಉಗುರುಗಳನ್ನು ಒಂದೊಂದೇ ಬಿಡಿಸಿದಳು. ನಾನು ಕೇಳಿರಲಿಲ್ಲ. ಹೊಸ ಹೆಣ್ಣು ನೆಂಟರ ಮುಂದೆ ಬರೀ ಬೆರಳಲ್ಲಿ ಓಡಾಡಿದರೆ ಮಾತು ಬರುತ್ತದೆ ಎಂದೆ. ಬರ್ಲಿ ಬುಡಿ ಎಂದಳು. ಅವಳ ಬೆರಳು ಸಣ್ಣ, ನನ್ನವು ದಪ್ಪ. ಅಳತೆ ನೋಡಿ ನೋಡಿ ಅವಳ ಎರಡೂ ಹೆಬ್ಬೆರಳಿನವನ್ನು ನನ್ನ ತೋರುಬೆರಳಿಗೂ ನಡುಬೆರಳಿಗೂ, ಅವಳ ನಡುಬೆರಳಿನದನ್ನು ನನ್ನ ಉಂಗುರ ಬೆರಳಿಗೂ ಅಂಟಿಸಿದೆವು. ನನ್ನ ಹೆಬ್ಬೆರಳಿಗೆ ಹಿಡಿಸುವಂಥದ್ದು ಇರಲಿಲ್ಲ. ದಪ್ಪ ತಂತಿಗಳನ್ನು ಹೇಗೋ ಚರ್ಮದಲ್ಲೇ ಸುಧಾರಿಸಬಹುದಿತ್ತು. ಉದ್ದ ಕತ್ತರಿಸಿ, ಹರಳು ಕಿತ್ತು, ವಾಟರ್ ಪೇಪರಿನಲ್ಲಿ ಅಂಚು ತಿಕ್ಕಿದೆ. ಕೆಂಪು ಪೂರ್ತಿ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಬೈಕಿನಲ್ಲಿ ಹುಣಸೂರು ಹಿಡಿದು ಕೋಟೆ ದಾಟಿ ಹೋದೆ. ಮಾಲೀಕರು ವಯಸ್ಸಾದ ಹೆಂಗಸು. ಊಟದ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸಿ ನುಡಿಸಿ ಎಂದರು. ಎರಡನೆಯ ಹಾಡು ನುಡಿಸುವಾಗ ಉಂಗುರ ಬೆರಳಿನ ಉಗುರು ಕಿತ್ತುಕೊಂಡು ಹಾರಿ ಎದುರಿನ ಮೇಜಿನ ಕೆಳಗೆ ಬಿತ್ತು. ನಿಲ್ಲಿಸಲಿಲ್ಲ, ಉಳಿದ ಎರಡು ಬೆರಳಲ್ಲೇ ಮುಗಿಸಿದೆ. ಮ್ಯಾನೇಜರು ಬಗ್ಗಿ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, ಇದು ಹೆಂಗಸರದ್ದಲ್ಲವಾ ಎಂದರು. ನನ್ನ ಹೆಂಡತಿಯದು ಎಂದೆ, ಆದದ್ದನ್ನು ಹೇಳಿದೆ. ಆ ಹೆಂಗಸು ನಗಲೂ ಇಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಮುಂದಿನ ಶನಿವಾರದಿಂದ ಬನ್ನಿ ಎಂದರು. ಜನ ಇಲ್ಲೇ ಊಟ ಮಾಡುತ್ತಿರುತ್ತಾರೆ, ನೀವು ಆ ಮೂಲೆಯಲ್ಲಿ ಕೂತು ನುಡಿಸಿ, ನಿಮ್ಮ ಊಟ ಕೊನೆಗೆ ಎಂದು ಮ್ಯಾನೇಜರು ವಿವರಿಸಿದರು. ನನಗೆ ಅದೊಂದು ವಿಷಯವೇ ಅಲ್ಲ. ಹೊಟ್ಟೆ ತುಂಬಿಸಿಕೊಂಡು ಯಾರಿಗೆ ನುಡಿಸಲು ಆಗುತ್ತದೆ?

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಚಪ್ಪರದ ಗಳ ಬಿಚ್ಚುತ್ತಿದ್ದ. ಗಾಡಿ ನಿಲ್ಲಿಸಿ, ಕೆಲಸ ಆಯ್ತು, ಶನಿವಾರದಿಂದ ಹೋಗಬೇಕು ಎಂದೆ. ಅವನ ಕೈ ನಿಂತಿತು.

"ಉಗುರಿಲ್ದೆ ಎಂಗ್ಲಾ ನುಡಿಸ್ದೆ?"

ಎಲ್ಲಿ, ಯಾವ ಕೆಲಸ, ಯಾರು ಎಂದು ಕೇಳಲಿಲ್ಲ. ಮೊದಲು ಕೇಳಿದ್ದೇ ಅದು. ನುಡಿಸಲು ಉಗುರು ಬೇಕು ಎಂದು ನಾನು ಅಮ್ಮನ ಮುಂದೆ ಹೇಳಿದ್ದೆ, ಕ್ಷೌರಿಕನ ಮುಂದೆ ಹೇಳಿದ್ದೆ, ಅಪ್ಪನ ಮುಂದೆ ಒಂದು ದಿನವೂ ಹೇಳಿರಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ನನ್ ಉಗುರು ಕೊಟ್ಟಿದ್ದೆ ಮಾವ, ಎಂದಳು. ಅಪ್ಪ ಅವಳ ಬರೀ ಬೆರಳುಗಳನ್ನು ನೋಡಿದ. ನಾನು ಅವನ ಎದುರಿಗೆ ಹೋಗಿ ನಿಂತೆ. ಸೋಮವಾರದ ವಿಷಯ ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು ಎಂದ. ಗೊತ್ತಿದ್ದೂ ಕತ್ತರಿಸಿದೆಯಾ ಎಂದೆ.

"ಗೊತ್ತಿದ್ದಕ್ಕೇ ಕತ್ತರಿಸ್ದೆ ಕಣ್ಲಾ."

ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕೋಟೆಯ ನೆಂಟರಿಂದ ಅವನು ಎಲ್ಲವನ್ನೂ ವಿಚಾರಿಸಿದ್ದನಂತೆ. ಅದು ಎಂಥ ಜಾಗ, ಯಾರು ಬರುತ್ತಾರೆ, ನುಡಿಸುವವನನ್ನು ಎಲ್ಲಿ ಕೂರಿಸುತ್ತಾರೆ ಎಲ್ಲವೂ ಅವನಿಗೆ ತಿಳಿದಿತ್ತು. ಶಾಸ್ತ್ರದ ನೆಪದಲ್ಲಿ ಆದರೆ ಮಗ ಎದುರು ಮಾತಾಡುವಂತಿಲ್ಲ ಎಂದು ಕಟರನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡಿದ್ದನಂತೆ. ಗಳವನ್ನು ಕೆಳಗಿಟ್ಟು ಅವನು ಹೇಳಿದ:

"ನಾವು ಓಲಗ ಊದಿಸ್ದೋರು ಕಣ್ಲಾ, ಊದ್ದೋರಲ್ಲ. ಕಂಡೋರು ಉಣ್ಣೋ ಮುಂದೆ ನನ್ ಮಗ ಮೂಲೇಲಿ ಕೂತ್ಕಂಡು ಬಾರ್ಸದಾ?"

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮದುವೆಯಲ್ಲಿ ಓಲಗದವರು ಊದದಿದ್ದರೆ ತಾಳಿ ಕಟ್ಟುವುದಕ್ಕೇ ಆಗುತ್ತಿರಲಿಲ್ಲ. ಬೆಳಗಿನ ಜಾವದಿಂದ ಊದಿದ ಅವರಿಗೆ, ಎಲ್ಲರ ಪಂಕ್ತಿ ಮುಗಿದ ಮೇಲೆ, ಛತ್ರದ ಹಿಂದೆ ಕೈತೊಳೆಯುವ ಜಾಗದ ಪಕ್ಕದಲ್ಲಿ ಎಲೆ ಹಾಕಿಸಿದವನು ಇದೇ ಅಪ್ಪ. ಅಲ್ಲಿ ಕೂತವರು ಮನುಷ್ಯರೇ ಅಲ್ಲ ಎಂದು ಅವನು ತಿಳಿದಿದ್ದ, ಆದ್ದರಿಂದಲೇ ತನ್ನ ಮಗ ಅಲ್ಲಿ ಕೂರಬಾರದಿತ್ತು. ಅದಕ್ಕಾಗಿ ನೂರು ಜನರ ಮುಂದೆ ನನ್ನ ಕೈ ಹಿಡಿದು, ನನ್ನ ಹೆಂಡತಿಯ ಕೇಡಿನ ಹೆಸರು ಹೇಳಿಸಿ, ನಾನು ತಿಂಗಳುಗಟ್ಟಲೆ ಸಾಕಿದ್ದನ್ನು ಕತ್ತರಿಸಿ ಎಲೆಯಲ್ಲಿ ಹಾಕಿ ಎಸೆಯಿಸಿದ. ಅವತ್ತು ನಾನು ಕಿರುಚಾಡಲಿಲ್ಲ.

"ಶನಿವಾರ ನುಡಿಸ್ತೀನಿ. ನೀನೂ ಬಾ. ಬಂದು ನನ್ ಮುಂದೆ ಕೂತ್ಕಂಡು ಉಣ್ಣು" ಎಂದೆ.

ಅಪ್ಪ ಗಳ ಎತ್ತಿಕೊಂಡು ಬ್ಯಾರನ್ನಿನ ಕಡೆ ಹೋದ.

ನನ್ನ ಉಗುರು ಮತ್ತೆ ಬೆಳೆದಿವೆ, ಅವಳವೂ ಬೆಳೆದಿವೆ. ನಮ್ಮ ಬಚ್ಚಲ ಕಿಟಕಿಯಲ್ಲಿ ಹರಳೆಣ್ಣೆಯ ಬಟ್ಟಲು ಈಗ ಇಬ್ಬರಿಗೂ ಸೇರಿ ಒಂದೇ ಇದೆ. ಕುಡಿ ಚಿವುಟುವ ಕಾಲ ಬಂದಾಗ ನಾನು ಬಲಗೈಗೆ ಕೈಗವಸು ಹಾಕಿಕೊಂಡು ಸಣ್ಣ ಕತ್ತರಿಯಲ್ಲಿ ಕುಡಿ ತೆಗೆಯುತ್ತೇನೆ. ಕೆಲಸ ನಿಧಾನವಾಗುತ್ತದೆ, ಆದರೂ ಸಾಲು ಮುಗಿಸದೆ ಏಳುವುದಿಲ್ಲ. ಶನಿವಾರ ಮಧ್ಯಾಹ್ನ ಗಿಟಾರ್ ಬೆನ್ನಿಗೆ ಹಾಕಿಕೊಂಡು ಗಾಡಿ ಹತ್ತುವ ಮುಂಚೆ, ಊರಿಗೆಲ್ಲ ಕೇಳುವ ಹಾಗೆ ಅಪ್ಪನನ್ನು ಊಟಕ್ಕೆ ಕರೆಯುತ್ತೇನೆ. ಸಾಕು ನಿಲ್ಲಿಸಪ್ಪ, ವಯಸ್ಸಾದೋರು ಎನ್ನುತ್ತಾಳೆ ಅಮ್ಮ. ನಾನು ನಿಲ್ಲಿಸಿಲ್ಲ. ಅವನು ಬಂದು ನನ್ನ ಎದುರಿನ ಮೇಜಿನಲ್ಲಿ ಕೂತು ಒಂದು ತುತ್ತು ಬಾಯಿಗಿಡುವವರೆಗೂ ಪ್ರತಿ ಶನಿವಾರ ಕರೆಯುತ್ತೇನೆ.